ರಿಸೋಲತ್‌ಗೆ ಬೇಕಾಗಿದ್ದದ್ದು

ನಮ್ಮ ಚುಸ್ತ್ ಊರಿನ ಪೇಟೆಯಲ್ಲಿ ಇವತ್ತಿಗೂ ನಡುವಯಸ್ಸಿನ ಯಾವ ಗಂಡಸನ್ನಾದರೂ ತಡೆದು "ವಾಂಟ್" ಅಂದು ನೋಡಿ. ಚಾಕುವಿಗೆ ಸಾಣೆ ಹಿಡಿಯುತ್ತಿರಲಿ, ಕಲ್ಲಂಗಡಿ ಮಾರುತ್ತಿರಲಿ, ತಟ್ಟನೆ ನೆಟ್ಟಗೆ ನಿಂತು, ಎರಡು ಕೈಯನ್ನೂ ತೊಡೆಗೆ ಅಂಟಿಸಿಕೊಂಡು, "ಐ ವಾಂಟ್, ಯೂ ವಾಂಟ್, ಹೀ ವಾಂಟ್ಸ್" ಅಂತ ಒಪ್ಪಿಸಿಬಿಡುತ್ತಾನೆ. ಆಮೇಲೆ ನಾಚಿಕೊಂಡು ನಗುತ್ತಾನೆ. "ರಿಸೋಲತ್ ಓಪಾ ಕಲಿಸಿದ್ದು" ಅನ್ನುತ್ತಾನೆ. ಅಕ್ಕ ಅನ್ನುವ ಆ ಮಾತನ್ನು ಅವನು ಹೇಳುವ ರೀತಿಯಲ್ಲೇ ಇನ್ನೂ ಸ್ವಲ್ಪ ಹೆದರಿಕೆ ಇರುತ್ತದೆ. ನಾನು ಕಲಿಸಿದ ರಸಾಯನಶಾಸ್ತ್ರವನ್ನು ಇಷ್ಟು ನೆನಪಿಟ್ಟುಕೊಂಡವನು ಊರಿನಲ್ಲಿ ಒಬ್ಬನೂ ಇಲ್ಲ. ಅದರ ಹೊಟ್ಟೆಯುರಿ ನನಗೆ ಈಗಲೂ ಇದೆ, ಮುಚ್ಚಿಡುವುದೇಕೆ?

ಅವಳ ಮನೆಗೂ ನನ್ನ ಮನೆಗೂ ನಡುವೆ ಒಂದು ಮಣ್ಣಿನ ಗೋಡೆ. ನಾನು ಮದುವೆಯಾಗಿ ಆ ಬೀದಿಗೆ ಬಂದ ವರ್ಷವೇ ಅವಳೂ ಬಂದಳು. ಒಂದೇ ಶಾಲೆಯಲ್ಲಿ ಇಬ್ಬರಿಗೂ ಕೆಲಸ. ನನ್ನ ಅತ್ತೆ ಗಯ್ಯಾಳಿ, ಅವಳ ಅತ್ತೆ ಬಾಯಿಸತ್ತವಳು. ಹಾಗಾಗಿ ಅಳಬೇಕು ಅನಿಸಿದಾಗಲೆಲ್ಲ ನಾನು ಗೋಡೆಯ ಆ ಕಡೆಗೆ ಹೋಗುತ್ತಿದ್ದೆ. ಅವಳು ನನ್ನ ಮುಂದೆ ಚಹಾ ಇಟ್ಟು, ಮಕ್ಕಳ ಉತ್ತರಗಳನ್ನು ತಿದ್ದುತ್ತಾ ಕೂರುತ್ತಿದ್ದಳು. ನಾನು ಅತ್ತು ಮುಗಿಸಿದ ಮೇಲೆ "ಆಯ್ತಾ ಮಸ್ತುರಾ? ಮುಖ ತೊಳ್ಕೊ, ನಿನ್ನ ಅತ್ತೆ ಗೋಡೆಗೆ ಕಿವಿ ಕೊಟ್ಟಿದ್ದಾಳೆ" ಅನ್ನುತ್ತಿದ್ದಳು. ಅಂಥವಳು.

ಅವಳ ತಾಯಿ ಟೋಪಿ ಹೊಲಿಯುವವಳು. ಕಪ್ಪು ಬಟ್ಟೆಯ ಮೇಲೆ ಬಿಳಿ ದಾರದ ಬಾದಾಮಿ ಬಿಡಿಸುವ ನಮ್ಮೂರಿನ ದೊಪ್ಪಿ. ಮಗಳಿಗೂ ಸೂಜಿ ಹಿಡಿಸಬೇಕೆಂದು ತಾಯಿ ಎಷ್ಟು ಬಡಿದರೂ ರಿಸೋಲತ್ ಬೆರಳಿಗೆ ಚುಚ್ಚಿಕೊಂಡು ಓಡಿಹೋಗುತ್ತಿದ್ದಳಂತೆ. ಓದಲು ಹತ್ತಿರದ ಪಟ್ಟಣ ನಮಂಗಾನ್‌ಗೆ ಹೋದಾಗ ಅವಳು ಕೇಳಿದ್ದು ಗಣಿತ. ಜಾಗ ಉಳಿದಿದ್ದದ್ದು ಇಂಗ್ಲಿಷಿನಲ್ಲಿ. ಅಲ್ಲಿ ಕಲಿಸುತ್ತಿದ್ದವರು ಯುದ್ಧಕಾಲದಲ್ಲಿ ಲೆನಿನ್‌ಗ್ರಾದ್ ಬಿಟ್ಟು ಬಂದಿದ್ದ ಇಸಾಕ್ ಲ್ವೋವಿಚ್ ಅನ್ನುವ ಮುದುಕರು. ಅವರಿಗೂ ಇಂಗ್ಲಿಷ್ ಬಂದದ್ದು ಪುಸ್ತಕದಿಂದ, ಸವೆದುಹೋದ ಒಂದು ಗ್ರಾಮಫೋನ್ ತಟ್ಟೆಯಿಂದ. ಒಬ್ಬ ಇಂಗ್ಲಿಷಿನವನನ್ನೂ ಅವರು ಕಣ್ಣಿಂದ ಕಂಡವರಲ್ಲ.

"ನಾನು ಹೇಳ್ಕೊಡ್ತಿರೋದು ಸರಿ ಅಂತ ನಂಬ್ಕೊಂಡಿದ್ದೀನಿ ಮಗಳೇ. ಸರಿಯೋ ತಪ್ಪೋ ಅಂತ ಕೇಳೋಣ ಅಂದ್ರೆ ಯಾರೂ ಇಲ್ಲ" ಎಂದು ಒಂದು ದಿನ ಅವಳೆದುರು ಹೇಳಿಬಿಟ್ಟರಂತೆ.

ಆ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಹತ್ತಿಪ್ಪತ್ತು ವರ್ಷ ಪಾಠ ಮಾಡಿದ ಮೇಲೂ, ನನ್ನ ಮನೆಯ ಏಪ್ರಿಕಾಟ್ ಮರದ ಕೆಳಗೆ ಹಣ್ಣು ಬಿಡಿಸಿ ಒಣಗಲು ಹಾಕುವಾಗ, ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ ಹೇಳುತ್ತಿದ್ದಳು: "ಮಸ್ತುರಾ, ನಾನು ಕಲಿಸ್ತಿರೋ ಭಾಷೆ ಪ್ರಪಂಚದಲ್ಲಿ ಎಲ್ಲೂ ಇಲ್ದೇ ಇದ್ರೆ?"

"ಇಲ್ದೇ ಎಲ್ಲಿಗೆ ಹೋಗುತ್ತೆ? ರೇಡಿಯೋದಲ್ಲಿ ಬರಲ್ವೇ?"

"ರೇಡಿಯೋ ನನ್ನ ಮಾತು ಕೇಳಿಸ್ಕೊಳ್ಳಲ್ವಲ್ಲ. ನಾನು ಆಡಿದ್ದು ಒಬ್ರಿಗೆ ಅರ್ಥ ಆಗ್ಬೇಕು. ಅವರೂರಲ್ಲೇ, ಅವರ ಅಂಗಡೀಲೇ ಹೋಗಿ, 'ನಂಗೆ ರೊಟ್ಟಿ ಬೇಕು' ಅನ್ಬೇಕು. ಅವರು ಎತ್ತಿ ಕೊಡ್ಬೇಕು. ಅಷ್ಟೇ ಕಣೇ. ಆಮೇಲೆ ಸತ್ರೂ ಚಿಂತೆಯಿಲ್ಲ."

"ಒಂದು ರೊಟ್ಟಿಗೆ ಅಷ್ಟು ದೂರ ಹೋಗ್ತೀಯಾ? ನಮ್ಮ ತಂದೂರಿನದು ಹೊಟ್ಟೆಗೆ ಆಗಲ್ವಾ?" ಎಂದು ನಾನು ರೇಗಿಸುತ್ತಿದ್ದೆ. ಅವಳು ನಗುತ್ತಿರಲಿಲ್ಲ. ಬೇರೆ ಹೆಂಗಸರು ರೇಷ್ಮೆಯ ಅಂಗಿಗೆ, ಬಂಗಾರದ ಹಲ್ಲಿಗೆ ಆಸೆಪಡುವಂತೆ ಇವಳು ಈ ಒಂದು ರೊಟ್ಟಿಗೆ ಆಸೆಪಟ್ಟಳು. ಪರದೇಶಕ್ಕೆ ಹೋಗುವುದೆಂದರೆ ಚಂದ್ರನಿಗೆ ಹೋದಷ್ಟೇ ದೂರವಿದ್ದ ಕಾಲ ಅದು.

ಅದಕ್ಕೇ ಇರಬೇಕು, ಇಂಗ್ಲಿಷಿನಲ್ಲಿ ಅಷ್ಟೊಂದು ಕ್ರಿಯಾಪದಗಳಿದ್ದರೂ ಅವಳು ಪಟ್ಟು ಹಿಡಿದದ್ದು ಆ "ವಾಂಟ್" ಅನ್ನೇ. ತಿನ್ನು, ಓಡು, ಬರೆ ಎಲ್ಲ ಬೇಗ ಮುಗಿಸಿಬಿಡುವಳು. ಈ "ಬೇಕು" ಬಂದರೆ ಮಾತ್ರ ಚಳಿಗಾಲವೆಲ್ಲ ನಡೆಯುತ್ತಿತ್ತು. ನನಗೆ ಬೇಕು, ಅವನಿಗೆ ಬೇಕು, ನನಗೆ ಹೋಗಬೇಕು, ನೀನು ಬರುವುದು ನನಗೆ ಬೇಕು. ಒಂದೊಂದಕ್ಕೂ ಹತ್ತಾರು ವಾಕ್ಯ. ಪುಸ್ತಕದಲ್ಲಿ ಇದ್ದದ್ದು "ಸಂಗಾತಿ ಪೆತ್ರೋವ್‌ಗೆ ಟ್ರ್ಯಾಕ್ಟರ್ ಕಾರ್ಖಾನೆ ನೋಡಬೇಕು" ಅನ್ನುವ ಥರದ್ದು. ಅವಳು ಪುಸ್ತಕ ಮುಚ್ಚಿಸಿ "ನಿಮಗೇನು ಬೇಕೋ ಹೇಳಿ" ಅನ್ನುತ್ತಿದ್ದಳು. ನಮ್ಮ ಮಕ್ಕಳಿಗೆ ಅದು ಬಾಯಿಗೆ ಬರುವ ಮಾತೇ ಅಲ್ಲ. ದೊಡ್ಡವರೆದುರು ಬೇಕು ಅಂದರೆ ತಲೆಗೆ ಮೊಟಕುವ ಊರು ನಮ್ಮದು. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬ ಎದ್ದು "ಐ ವಾಂಟ್ ಎ ಡಾಂಕಿ" ಅಂದ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ರಿಸೋಲತ್ ಮಾತ್ರ ಗಂಭೀರವಾಗಿ "ಒಳ್ಳೇ ವಾಕ್ಯ. ಎಂಥ ಕತ್ತೆ ಬೇಕು?" ಎಂದು ಕೇಳಿದಳು.

ಶರತ್ಕಾಲ ಬಂತೆಂದರೆ ಶಾಲೆಗೆ ಬೀಗ. ಮೇಷ್ಟ್ರುಗಳು, ಮಕ್ಕಳು ಎಲ್ಲರೂ ಹತ್ತಿ ಬಿಡಿಸಲು ಹೊಲಕ್ಕೆ. ಅಲ್ಲೂ ಬಿಡಲಿಲ್ಲ ಪುಣ್ಯಾತ್ಗಿತ್ತಿ. ಸೊಂಟಕ್ಕೆ ಚೀಲ ಕಟ್ಟಿಕೊಂಡು ಸಾಲಿನಲ್ಲಿ ಬಗ್ಗಿ ನಡೆಯುತ್ತಾ ಅವಳು ಒಂದು ವಾಕ್ಯ ಕೂಗುವಳು, ಮಕ್ಕಳು ತಿರುಗಿ ಕೂಗುವರು. ಮೇಸ್ತ್ರಿ ಕುದುರೆ ಏರಿ ಬಂದು "ಏನ್ರವ್ವಾ ಅದು ಹಾಡು?" ಅಂದ. "ಹತ್ತಿ ಇನ್ನೂ ಜಾಸ್ತಿ ಬೇಕು ಅಂತ ಹಾಡ್ತಿದ್ದಾರೆ ಅಣ್ಣ" ಎಂದು ನಾನೇ ಬಾಯಿ ಹಾಕಿ ಅವನನ್ನು ಸಾಗಹಾಕಿದೆ. ಅವನು ಖುಷಿಯಾಗಿ, ಈ ತರಗತಿಯವರಿಗೆ ಮಧ್ಯಾಹ್ನ ಇನ್ನೊಂದು ಸೌಟು ಸಾರು ಹಾಕಿ ಎಂದು ಹೇಳಿ ಹೋದ.

ಆಮೇಲೆ ಲೆನಿನ್‌ಗ್ರಾದ್‌ನಿಂದ ನಮ್ಮೂರವರೆಗೆ ಹಬ್ಬಿದ್ದ ಆ ದೊಡ್ಡ ದೇಶ ಒಡೆಯಿತು. ನಾವು ಬೆಳಗ್ಗೆ ಎದ್ದಾಗ ಬೇರೆ ದೇಶದಲ್ಲಿದ್ದೆವು. ಅಂಗಡಿಗಳಲ್ಲಿ ಸಾಬೂನಿರಲಿಲ್ಲ, ಆದರೆ ಪರದೇಶದವರು ಬರತೊಡಗಿದರು. ಒಂದು ವಸಂತದಲ್ಲಿ ನಮ್ಮ ಹೆಡ್ ಮಾಸ್ಟರ್ ಯುಲ್ದಾಶ್ ಆಕಾ ಏದುಸಿರು ಬಿಡುತ್ತಾ ಶಿಕ್ಷಕರ ಕೋಣೆಗೆ ನುಗ್ಗಿದರು. ಇಂಗ್ಲೆಂಡಿನಿಂದ ಡೊರೊಥಿ ಎಂಬ ಮೇಡಂ ಬರುತ್ತಾರೆ, ನಮ್ಮ ಈ ಕಣಿವೆಯ ಊರುಗಳ ಶಾಲೆಗಳನ್ನೆಲ್ಲ ನೋಡುತ್ತಾರೆ, ಒಬ್ಬ ಟೀಚರನ್ನು ಆರಿಸಿ ಒಂದು ವರ್ಷ ಓದಲು ತಮ್ಮ ದೇಶಕ್ಕೆ ಕರೆದುಕೊಂಡು ಹೋಗುತ್ತಾರೆ ಅಂದರು.

ರಿಸೋಲತ್ ಕೈಯಲ್ಲಿದ್ದ ಸೀಮೆಸುಣ್ಣದ ಕಡ್ಡಿ ಎರಡು ತುಂಡಾಯಿತು. ನಾನು ಪಕ್ಕದಲ್ಲೇ ಇದ್ದೆ.

ಅವತ್ತಿನಿಂದ ಯುಲ್ದಾಶ್ ಆಕಾ ಮರಗಳ ಬುಡಕ್ಕೆಲ್ಲ ಸುಣ್ಣ ಬಳಿಸಿದರು, ಕಕ್ಕಸಿಗೆ ಬಾಗಿಲು ಹಾಕಿಸಿದರು. ಡೊರೊಥಿ ಬಂದಳು. ನಮ್ಮ ವಯಸ್ಸಿನವಳೇ, ಉದ್ದ ಕಾಲು, ಕೆಂಪು ಮೂಗು, ಗಂಡಸಿನ ಬೂಟು. ಜೊತೆಯಲ್ಲಿ ತಾಷ್ಕೆಂಟಿನಿಂದ ಬಂದ ದಿಲ್ಶೋದ್ ಅನ್ನುವ ದುಭಾಷಿ. ನನಗೆ ಬಿಡುವಿದ್ದುದರಿಂದ ನಾನೂ ತರಗತಿಯ ಹಿಂದೆ ಹೋಗಿ ನಿಂತೆ. ಡೊರೊಥಿ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತು ಪಾಠ ಕೇಳಿದಳು. ಅರ್ಧಕ್ಕೆ ಎದ್ದು ತಾನೇ ಮಕ್ಕಳನ್ನು ಕೇಳತೊಡಗಿದಳು, ನಿನಗೇನು ಬೇಕು, ನಿನಗೇನು ಬೇಕು ಎಂದು. ಒಬ್ಬೊಬ್ಬರೂ ಎದ್ದು ಹೇಳಿದರು. ಸೈಕಲ್ ಬೇಕು, ಪೈಲಟ್ ಆಗಬೇಕು, ಅಣ್ಣ ಸೈನ್ಯದಿಂದ ವಾಪಸು ಬರುವುದು ಬೇಕು. ಕೊನೆಗೆ ಒಂದು ಪುಟ್ಟ ಹುಡುಗಿ, "ನೀವು ನಮ್ಮ ಮನೆಗೆ ಬಂದು ಊಟ ಮಾಡೋದು ನಂಗೆ ಬೇಕು" ಅಂದಿತು, ಇಂಗ್ಲಿಷಿನಲ್ಲಿ, ಒಂದೇ ಉಸಿರಿಗೆ, ಒಂದು ತಪ್ಪಿಲ್ಲದೆ. ಡೊರೊಥಿಯ ಕಣ್ಣಲ್ಲಿ ನೀರು. ಅವಳು ತಿರುಗಿ ರಿಸೋಲತ್‌ಗೆ ಏನೋ ಹೇಳಿದಳು, ರಿಸೋಲತ್ ಏನೋ ಹೇಳಿದಳು, ಇಬ್ಬರೂ ಮಾತಾಡತೊಡಗಿದರು. ಹೊಳೆ ಹರಿದ ಹಾಗೆ ಮಾತು! ದುಭಾಷಿ ಬಾಯಿ ತೆರೆಯುವ ಪ್ರಮೇಯವೇ ಬರಲಿಲ್ಲ.

ಪಾಠ ಮುಗಿದ ಮೇಲೆ ರಿಸೋಲತ್ ಕಿಟಕಿಯ ಕಡೆ ಮುಖ ತಿರುಗಿಸಿ ನಿಂತಿದ್ದಳು. ಹೆಡ್ ಮಾಸ್ಟರ್ ನನ್ನ ಕಿವಿಯಲ್ಲಿ "ಬೈದರಾ? ಬೈದರಾ?" ಎಂದು ಗಾಬರಿಯಿಂದ ಕೇಳಿದರು. ನಾನು ಹತ್ತಿರ ಹೋದೆ.

"ಅರ್ಥ ಆಯ್ತಂತೆ ಕಣೇ" ಅಂದಳು. "ನಾನು ಆಡಿದ್ದೆಲ್ಲಾ ಅರ್ಥ ಆಯ್ತಂತೆ."

ಆ ಮಧ್ಯಾಹ್ನ ಊಟ ಅವಳ ಮನೆಯಲ್ಲೇ. ದ್ರಾಕ್ಷಿ ಚಪ್ಪರದ ಕೆಳಗೆ ಹಾಸು ಹಾಸಿದೆವು. ಅವಳ ಗಂಡ ಸೋಬಿರ್ ಲಾರಿ ಓಡಿಸುವವನಾದರೂ ಪಲಾವ್ ಮಾಡುವುದರಲ್ಲಿ ಬೀದಿಗೇ ಎತ್ತಿದ ಕೈ. ಬೆಳಗ್ಗೆಯಿಂದ ಹಂಡೆಯ ಮುಂದೆಯೇ ನಿಂತಿದ್ದ. ನಾನು ಚಹಾ, ರೊಟ್ಟಿ ಎಂದು ಓಡಾಡುತ್ತಿದ್ದೆ. ದಿಲ್ಶೋದ್‌ಗೆ ಕೆಲಸವಿರಲಿಲ್ಲವಲ್ಲ, ಪಲಾವಿನ ತಟ್ಟೆಯ ಮೇಲೆ ಬಗ್ಗಿದವನು ಏಳಲೇ ಇಲ್ಲ. ನಾನು ಚಹಾದ ಬಟ್ಟಲು ಹಿಡಿದು ಬಂದಾಗ ಡೊರೊಥಿ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು, ರಿಸೋಲತ್‌ಳ ಕೈ ಹಿಡಿದುಕೊಂಡು, ನಿಧಾನವಾಗಿ ಏನೋ ಕೇಳುತ್ತಿದ್ದಳು. ನನಗೆ ಇಂಗ್ಲಿಷ್ ಬರದು. ಆದರೆ "ವಾಂಟ್" ಅನ್ನುವ ಒಂದು ಶಬ್ದ ಮಾತ್ರ ಊರಿನಲ್ಲಿ ಯಾರಿಗೆ ಗೊತ್ತಿಲ್ಲ?

ರಿಸೋಲತ್ ಬಲಗೈಯನ್ನು ಎದೆಯ ಮೇಲೆ ಇಟ್ಟುಕೊಂಡಳು. ಕಣ್ಣು ಕೆಳಗೆ ಹಾಕಿದಳು. ತುಟಿಯಂಚಿನಲ್ಲಿ ನಗು. ಸ್ಪಷ್ಟವಾಗಿ, ನಯವಾಗಿ, ಒಂದು ವಾಕ್ಯ ಹೇಳಿದಳು.

ಡೊರೊಥಿ ಅವಳನ್ನೇ ಸ್ವಲ್ಪ ಹೊತ್ತು ನೋಡಿದಳು. ತಲೆಯಾಡಿಸಿದಳು. ಅವಳ ಕೈಯನ್ನು ಮೆಲ್ಲಗೆ ತಟ್ಟಿ, ರೊಟ್ಟಿ ಎತ್ತಿಕೊಂಡು, ಸೋಬಿರನ ಪಲಾವನ್ನು ಹೊಗಳತೊಡಗಿದಳು.

ಆ ಭಂಗಿ ನನಗೆ ಚೆನ್ನಾಗಿ ಗೊತ್ತು. ಎದೆಯ ಮೇಲೆ ಕೈ, ಕೆಳಗೆ ಹಾಕಿದ ಕಣ್ಣು. ನನ್ನ ಅತ್ತೆ ಹೆಣ್ಣು ಕೇಳಲು ಬಂದಾಗ ನನ್ನ ಅಪ್ಪ ಮೊದಲ ಸಲ "ಹುಡುಗಿ ಇನ್ನೂ ಚಿಕ್ಕವಳು" ಅಂದ. ಎರಡನೆಯ ಸಲ "ಮನೆಯವರನ್ನ ಕೇಳಬೇಕು" ಅಂದ. ಮೂರನೆಯ ಸಲ ರೊಟ್ಟಿ ಮುರಿದು ಕೊಟ್ಟ, ಅಂದರೆ ಒಪ್ಪಿದ. ಮೊದಲ ಸಲವೇ ಹೂಂ ಅಂದಿದ್ದರೆ, ಹುಡುಗಿಗೆ ಏನೋ ಐಬಿರಬೇಕು ಎಂದು ಅತ್ತೆ ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಡುತ್ತಿದ್ದಳು. ಹೋಗಿದ್ದರೆ ನನ್ನ ಬಾಳು ಚೆನ್ನಾಗಿರುತ್ತಿತ್ತು, ಅದು ಬೇರೆ ಮಾತು. ಹೆಣ್ಣಿಗೇಕೆ, ಇನ್ನೊಂದು ತುತ್ತಿಗೂ ಹಾಗೇ. ಬೇಡ ಅನ್ನುವುದು, ಅವರು ಬಲವಂತ ಮಾಡುವುದು, ಮತ್ತೆ ಬೇಡ ಅನ್ನುವುದು, ಕೊನೆಗೆ ನಿಮ್ಮ ಮಾತಿಗೆ ಅಂತ ಒಪ್ಪುವುದು. ಹಾಲು ಕುಡಿಯುವ ಕೂಸಿಗೂ ನಮ್ಮಲ್ಲಿ ಇದು ಗೊತ್ತು.

ನಾನು ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ.

"ಏನು ಕೇಳಿದ್ಲು?"

"ನಮ್ಮ ದೇಶಕ್ಕೆ ಬರೋಕೆ ಇಷ್ಟಾನಾ, ಓದೋಕೆ ಬರ್ತೀಯಾ ಅಂದ್ಲು." ಅವಳ ಕೆನ್ನೆ ದಾಳಿಂಬೆ ಹಣ್ಣಿನಂತಾಗಿತ್ತು.

"ನೀನೇನಂದೆ?"

"ಬೇಡ ಅಂದೆ. ಥ್ಯಾಂಕ್ ಯೂ, ನನಗೆ ಹೋಗೋ ಆಸೆ ಇಲ್ಲ ಅಂದೆ."

"ಅಯ್ಯೋ ನಿನ್ನ!" ನಾನು ತಲೆ ಚಚ್ಚಿಕೊಂಡೆ.

"ಮತ್ತೆ? ಕೇಳಿದ ತಕ್ಷಣ ಬಾಯಿ ಬಿಟ್ಕೊಂಡು ಹೂಂ ಅನ್ನೋಕೆ ನಾನೇನು ಕಾಣದವಳಾ? ಮೊದಲನೇ ಸಲ ತಾನೇ. ಕೇಳ್ತಾಳೆ ಇನ್ನೊಂದ್ಸಲ."

"ಕೇಳದೇ ಇದ್ರೆ?"

"ಯಾಕೆ ಕೇಳಲ್ಲ? ನನ್ನ ಪಾಠ ನೋಡಿ ಅತ್ತಿದ್ದಾಳೆ ಕಣೇ ಅವಳು."

ನಾವು ಹಣ್ಣಿನ ತಟ್ಟೆ ಹಿಡಿದು ಹೊರಗೆ ಹೋದೆವು. ರಿಸೋಲತ್ ಡೊರೊಥಿಯ ಪಕ್ಕದಲ್ಲೇ ಕೂತಳು. ಒಣದ್ರಾಕ್ಷಿ ಮುಗಿಯಿತು, ಹಲ್ವಾ ಮುಗಿಯಿತು, ಚಹಾ ಮೇಲೆ ಚಹಾ ಮುಗಿಯಿತು. ಡೊರೊಥಿ ಬಳ್ಳಿಯ ಬಗ್ಗೆ ಕೇಳಿದಳು, ಟೋಪಿಯ ಬಗ್ಗೆ ಕೇಳಿದಳು, ಮಕ್ಕಳ ಬಗ್ಗೆ ಕೇಳಿದಳು. ಅದೊಂದನ್ನು ಮಾತ್ರ ಕೇಳಲಿಲ್ಲ.

ಈಗ ಹೇಳುತ್ತೇನೆ, ಇಷ್ಟು ವರ್ಷ ನನ್ನನ್ನು ಕೊರೆಯುತ್ತಿರುವುದು ಇದೇ. ರಿಸೋಲತ್‌ಗೆ ಇಂಗ್ಲಿಷ್ ಅಷ್ಟು ಚೆನ್ನಾಗಿ ಬರದೆ ಇದ್ದಿದ್ದರೆ, ಆ ಮಾತು ದಿಲ್ಶೋದ್ ಮೂಲಕ ಹೋಗುತ್ತಿತ್ತು. ಅವನು ಎಷ್ಟೇ ಹೊಟ್ಟೆಬಾಕನಾಗಲಿ, ನಮ್ಮವನು. "ಮೇಡಂ, ಇವರು ಸುಮ್ಮನೆ ಹಾಗಂತಾರೆ, ಇನ್ನೊಂದ್ಸಲ ಕೇಳಿ" ಎಂದು ಹೇಳುತ್ತಿದ್ದ. ಪಕ್ಕದ ಊರಿನಲ್ಲಿ ಮಾತು ತೊದಲುವ ಟೀಚರುಗಳ ಪರವಾಗಿಯೆಲ್ಲ ಹಾಗೇ ಹೇಳಿದ್ದನಂತೆ. ಇವಳ ವಾಕ್ಯ ನೆಟ್ಟಗಿತ್ತು, ಒಂದು ಎಳೆ ಹೆಚ್ಚುಕಡಿಮೆ ಇರಲಿಲ್ಲ. ಆ ಇಂಗ್ಲಿಷಿನವಳು ಅದನ್ನು ಇಂಗ್ಲಿಷಿನವಳಂತೆಯೇ ಕೇಳಿಸಿಕೊಂಡಳು.

ಅತಿಥಿಗಳು ಹೋದ ಮೇಲೆ ನಾನು ಬಿಡಲಿಲ್ಲ. "ಈಗಲೇ ಹೋಗು. ಅತಿಥಿಗೃಹದಲ್ಲಿ ಇದ್ದಾಳೆ, ನಾಳೆ ಬೆಳಗ್ಗೆ ಹೊರಡ್ತಾಳೆ. ನಂಗೆ ಬರಬೇಕು ಅಂತ ಹೇಳ್ಬಿಡು."

"ಬೇಡ ಅಂದ ಬಾಯಲ್ಲಿ ಹೋಗಿ ಬೇಡ್ಲಾ? ಹೆಣ್ಣಿನ ಕಡೆಯವರು ಗಂಡಿನ ಮನೆ ಬಾಗಿಲು ತಟ್ತಾರಾ?"

"ಇದೇನು ಮದುವೇನಾ ಮಾರಾಯ್ತಿ?"

ಸೋಬಿರ್ ಹಂಡೆ ತೊಳೆಯುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಒಳ್ಳೆಯವನು. "ಹೋಗೇ, ನಾನು ಲಾರೀಲಿ ಬಿಡ್ತೀನಿ. ಒಂದು ವರ್ಷ ತಾನೇ, ಮಕ್ಕಳನ್ನ ನಾನು ನೋಡ್ಕೋತೀನಿ" ಅಂದ. ಅವಳು ಗಂಡನ ಮುಖವನ್ನೇ ನೋಡಿದಳು. ಆಮೇಲೆ ಒಂದು ಉಪಾಯ ಕಂಡುಕೊಂಡಳು: ಬೆಳಗ್ಗೆ ದಾರಿಗೆ ರೊಟ್ಟಿ ಸುಟ್ಟುಕೊಂಡು ಹೋಗುತ್ತೇನೆ, ಕೊಟ್ಟಾಗ ಅವಳಾಗಿ ಕೇಳೇ ಕೇಳುತ್ತಾಳೆ.

ಬೆಳಗ್ಗೆ ನಾವಿಬ್ಬರೂ ಹೋದೆವು. ಬಿಸಿ ರೊಟ್ಟಿಯ ಗಂಟು ಅವಳ ಎದೆಗಾನಿಕೊಂಡಿತ್ತು. ಕಾರು ಹೊರಟು ನಿಂತಿತ್ತು. ಡೊರೊಥಿ ಇಳಿದು ಬಂದು ಅವಳನ್ನು ತಬ್ಬಿಕೊಂಡಳು, ರೊಟ್ಟಿಯ ವಾಸನೆ ನೋಡಿ ಕಣ್ಣು ಮುಚ್ಚಿದಳು, ಮತ್ತೆ ಕಾರಿಗೆ ಹತ್ತಿದಳು. ಕಿಟಕಿಯ ಗಾಜು ಇಳಿಸಿ ಏನೋ ಹೇಳಿದಳು. ರಿಸೋಲತ್‌ಳ ಮುಖ ಅರಳಿತು. ಕಾರು ಹೋಯಿತು.

"ಕೇಳಿದ್ಲಾ?" ಅಂದೆ ನಾನು.

"ಇಲ್ಲ. ನಮ್ಮ ದೇಶದಲ್ಲಿ ಇಂಥ ರೊಟ್ಟಿ ಸಿಗಲ್ಲ ಅಂದ್ಲು."

ಧೂಳು ಇಳಿಯುವವರೆಗೂ ಅವಳು ರಸ್ತೆಯಲ್ಲೇ ನಿಂತಿದ್ದಳು. ಆಮೇಲೆ ಶಾಲೆಗೆ ಹೋಗಿ ಮೊದಲ ಗಂಟೆಯ ಪಾಠ ಮಾಡಿದಳು.

ಇಂಗ್ಲೆಂಡಿಗೆ ಹೋದದ್ದು ನಮಂಗಾನ್‌ನ ಗುಲ್ಚೆಹ್ರಾ ಅನ್ನುವ ಎಳೆಯ ಹುಡುಗಿ. ವಾಪಸು ಬಂದು ದೊಡ್ಡ ಹೆಸರು ಮಾಡಿದಳು, ಶಿಕ್ಷಕರಿಗೆ ತರಬೇತಿ ಕೊಡತೊಡಗಿದಳು. ರಿಸೋಲತ್ ಹಿಂದಿನ ಕುರ್ಚಿಯಲ್ಲಿ ಕೂತು ಕೇಳಿ ಬಂದಳು. "ಹೇಗಿತ್ತು?" ಅಂದದ್ದಕ್ಕೆ "ಚೆನ್ನಾಗಿ ಮಾತಾಡ್ತಾಳೆ. 'ವಾಂಟ್ ಟು' ಅನ್ನೋದನ್ನ 'ವಾನ್ನಾ' ಅಂತಾಳೆ. ಒಳಗಿನ ಅಕ್ಷರಗಳನ್ನೆಲ್ಲಾ ನುಂಗಿಬಿಟ್ಟಿದ್ದಾಳೆ" ಅಂದಳು. ಮತ್ಸರ ಅವಳಿಗೆ ಬರುತ್ತಿರಲಿಲ್ಲ. ಅವಳ ಬದಲು ನಾನು ಆ ಹುಡುಗಿಯನ್ನು ಮನಸಾರೆ ಬೈದೆ, ಪಾಪ, ಅದು ಏನೂ ತಪ್ಪು ಮಾಡಿರಲಿಲ್ಲ.

ಆದರೆ ರಿಸೋಲತ್ ಬದಲಾದಳು. ತರಗತಿಯಲ್ಲಿ "ಏನು ಬೇಕು?" ಎಂದು ಒಂದೇ ಸಲ ಕೇಳುವಳು. ಮಗು ನಾಚಿಕೊಂಡು ತಡವರಿಸಿದರೆ ಮುಂದಿನ ಬೆಂಚಿಗೆ ಹೋಗಿಬಿಡುವಳು. "ಅವರ ಭಾಷೇಲಿ ಮಾತು ಅಂದ್ರೆ ಮಾತು. ಬೇಕು ಅಂದ್ರೆ ಬೇಕು, ಬೇಡ ಅಂದ್ರೆ ಬೇಡ. ನಮ್ಮ ಹಾಗೆ ಒಳಗೊಂದು ಹೊರಗೊಂದು ಇಲ್ಲ. ಎರಡನೇ ಸಲ ಯಾರೂ ಕೇಳಲ್ಲ, ನೆನಪಿಟ್ಕೊಳ್ಳಿ" ಎಂದು ಮೇಜು ಕುಟ್ಟುವಳು. ಮಕ್ಕಳು ಅಳುತ್ತಾ ಮನೆಗೆ ಹೋದದ್ದೂ ಉಂಟು. ಶಾಲೆಯ ಹೊರಗೂ ಹಾಗೇ ಆದಳು. ನನ್ನ ಮನೆಯಲ್ಲಿ "ಇನ್ನೊಂಚೂರು ಹಾಕ್ಲಾ?" ಅಂದರೆ ತಕ್ಷಣ "ಹಾಕು" ಎಂದು ತಟ್ಟೆ ಮುಂದೆ ಹಿಡಿಯುವಳು. ನನ್ನ ಅತ್ತೆ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. "ಸೋಬಿರ್ ಮನೇಲಿ ಅಕ್ಕಿ ಖಾಲಿಯಾಗಿದ್ಯೇನೇ?" ಎಂದು ಬೀದಿಗೆಲ್ಲ ಕೇಳುವಂತೆ ಅಂದಳು. ರಿಸೋಲತ್ ತಲೆ ಎತ್ತದೆ ಊಟ ಮುಗಿಸಿದಳು. ಅದನ್ನು ನೋಡಿ ನನಗೆ ಸಂಕಟವಾಯಿತು. ಅವಳು ಕಾಣದವಳಂತೆ ತಿನ್ನುತ್ತಿದ್ದುದಕ್ಕಲ್ಲ, ರುಚಿಯೇ ಇಲ್ಲದೆ ತಿನ್ನುತ್ತಿದ್ದುದಕ್ಕೆ.

ವರ್ಷಗಳು ಹೋದವು. ಸೋಬಿರ್ ತೀರಿಕೊಂಡ. ಅವಳ ಮಗ ತಾಷ್ಕೆಂಟಿನಲ್ಲಿ ನೆಲೆ ನಿಂತ. ನಮ್ಮಿಬ್ಬರಿಗೂ ಪಿಂಚಣಿ ಬಂದಿತ್ತು, ಆದರೂ ಟೀಚರು ಸಿಗುವುದಿಲ್ಲವೆಂದು ಅವಳನ್ನು ಶಾಲೆ ಬಿಟ್ಟಿರಲಿಲ್ಲ. ಆಗ ಒಂದು ದಿನ, ಟೋಪಿ ಚಾಕು ಕೊಳ್ಳಲು ಬಂದ ಪ್ರವಾಸಿಗಳ ಬಸ್ಸಿನಿಂದ ಕೋಲೂರಿಕೊಂಡು ಡೊರೊಥಿ ಇಳಿದಳು! ಶಾಲೆಯ ದಾರಿ ಕೇಳಿಕೊಂಡು ತಾನಾಗಿಯೇ ಬಂದಳು. ಇಬ್ಬರು ಮುದುಕಿಯರು ಅಂಗಳದಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತದ್ದು ನೋಡಿ ಮಕ್ಕಳು ಕಿಸಕ್ಕೆಂದವು.

ಅದೇ ಚಪ್ಪರದ ಕೆಳಗೆ ಚಹಾ ಕುಡಿದೆವು. ಹೊರಡುವಾಗ ಬಾಗಿಲಲ್ಲಿ ಡೊರೊಥಿ ಅವಳ ಭುಜ ಹಿಡಿದು ಏನೋ ಹೇಳಿದಳು. ಹೇಳಿ ಮುಗಿಸುವ ಮೊದಲೇ ರಿಸೋಲತ್ ಗಟ್ಟಿಯಾಗಿ, ಹುಡುಗಿಯಂತೆ, ಇಡೀ ಬೀದಿಗೆ ಕೇಳುವಂತೆ ಉತ್ತರ ಕೊಟ್ಟಳು. ಅದರಲ್ಲಿ "ಯೆಸ್" ಇತ್ತು, "ವಾಂಟ್" ಇತ್ತು. ಡೊರೊಥಿ ಜೋರಾಗಿ ನಕ್ಕು ಅವಳ ಕೆನ್ನೆಗೆ ಮುತ್ತಿಟ್ಟಳು, ತನ್ನ ಮನೆಯ ಫೋನ್ ನಂಬರು ಕೊಟ್ಟು ಹೋದಳು.

"ನೀನು ನಮ್ಮನೆಗೆ ಬರ್ಲೇಬೇಕು, ಬಂದು ಇರ್ಬೇಕು ಅಂದ್ಲು ಕಣೇ!" ರಿಸೋಲತ್ ನನ್ನ ಕೈ ಹಿಡಿದು ಕುಲುಕಿದಳು. "ಯಾವಾಗ ಅಂದೆ. ಯಾವಾಗ ಬೇಕಾದ್ರೂ ಅಂದ್ಲು. ಈ ಸಲ ಒಂದೇ ಸಲಕ್ಕೆ ಹೂಂ ಅಂದೆ ನೋಡು!"

"ಇಷ್ಟು ವರ್ಷಕ್ಕೆ ಬುದ್ಧಿ ಬಂತಲ್ಲ" ಅಂದೆ. ನನಗೂ ಕಣ್ಣು ತುಂಬಿತ್ತು.

ಆ ಬೇಸಿಗೆಯಷ್ಟು ಖುಷಿಯಾಗಿ ಅವಳನ್ನು ನಾನು ಕಂಡೇ ಇಲ್ಲ. ಪಾಸ್‌ಪೋರ್ಟಿಗೆ ಓಡಾಡಿದಳು. ಮಗ ಟಿಕೆಟ್ ತೆಗೆಸಿಕೊಡುತ್ತೇನೆ ಅಂದ. ಸೂಜಿ ಕಂಡರೆ ಓಡುತ್ತಿದ್ದವಳು ಕನ್ನಡಕ ಹಾಕಿಕೊಂಡು ಡೊರೊಥಿಗೆಂದು ದೊಪ್ಪಿ ಹೊಲಿಯಲು ಕೂತಳು. ಬಾದಾಮಿ ಬದನೆಕಾಯಿಯಾಯಿತು, ಬಿಚ್ಚಿ ಮತ್ತೆ ಹೊಲಿದಳು. ಏಪ್ರಿಕಾಟ್ ಬೀಜ ಒಡೆದು ಸಕ್ಕರೆಯಲ್ಲಿ ಹುರಿದು ಕಟ್ಟಿಟ್ಟಳು. "ರೊಟ್ಟಿ ಅಂಗಡಿಗೆ ಮೊದಲ ದಿನವೇ ಹೋಗ್ತೀನಿ. ಡೊರೊಥಿ ಹೊರಗೇ ನಿಲ್ಲಲಿ, ನಾನೊಬ್ಳೇ ಒಳಗೆ ಹೋಗ್ತೀನಿ" ಎಂದು ನನ್ನೆದುರು ಹೇಳಿ ಹೇಳಿ ನನಗೆ ಆ ಅಂಗಡಿಯ ಬಾಗಿಲೇ ಕಣ್ಣಿಗೆ ಕಟ್ಟಿತ್ತು.

ವೀಸಾಕ್ಕೆ ಅಲ್ಲಿಯವರ ಕರೆಯೋಲೆ ಬೇಕೆಂದರು. ಅದೇನು ದೊಡ್ಡ ವಿಷಯ, ಫೋನು ಮಾಡಿದರೆ ಕಳಿಸುತ್ತಾಳೆ ಎಂದು ನಾವಿಬ್ಬರೂ ಅಂಚೆ ಕಚೇರಿಗೆ ಹೋದೆವು. ಅಲ್ಲಿ ಕೂತಿದ್ದ ಹುಡುಗಿ ರಿಸೋಲತ್‌ಳ ಹಳೆಯ ವಿದ್ಯಾರ್ಥಿನಿ. ಸಾಲು ತಪ್ಪಿಸಿ ನಮ್ಮನ್ನು ಮೊದಲು ಬಿಟ್ಟಳು. ಫೋನಿನ ಗೂಡಿನೊಳಗೆ ನಾನೂ ತೂರಿಕೊಂಡೆ.

ಗಂಟೆ ಹೊಡೆಯಿತು. ಆ ಕಡೆ ದನಿ ಬಂತು. ರಿಸೋಲತ್ ನಕ್ಕಳು, ಆ ಕಡೆಯವಳೂ ನಕ್ಕಳು. ನನಗೆ ಇಲ್ಲಿಗೇ ಕೇಳಿಸಿತು. ಸುಮಾರು ಹೊತ್ತು ಮಾತಾಡಿದರು. ಆಮೇಲೆ ರಿಸೋಲತ್ ನಿಧಾನವಾಗಿ ಒಂದು ವಿಷಯ ಹೇಳಿದಳು. ಆ ಕಡೆ ಸದ್ದಿಲ್ಲ. ಫೋನು ಕಡಿದುಹೋಯಿತೇನೋ ಅಂದುಕೊಂಡೆ. ಆಮೇಲೆ ಡೊರೊಥಿಯ ದನಿ ಸಣ್ಣದಾಗಿ, ತಡೆತಡೆದು ಬಂತು. ರಿಸೋಲತ್ ಕೇಳುತ್ತಾ ನಿಂತಳು. ಅವಳ ಕೈ ನನ್ನ ತೋಳಿನ ಮೇಲಿತ್ತು, ಬಿಗಿಯಾಯಿತು. ಆಮೇಲೆ ಬಹಳ ಲವಲವಿಕೆಯಿಂದ, ತಮಾಷೆ ಮಾಡುವವಳಂತೆ, ನಗುನಗುತ್ತಾ ಏನೇನೋ ಹೇಳಿ ಫೋನು ಇಟ್ಟಳು.

"ಕಳಿಸ್ತಾಳಂತಾ?"

"ಇಲ್ಲ."

"ಯಾಕೆ? ಏನಂದ್ಲು?"

"ಏನೂ ಅನ್ಲಿಲ್ಲ. ತುಂಬಾ ಸಂತೋಷ ಅಂದ್ಲು. ಪಾಪ, ಎಷ್ಟು ದೂರದ ಪ್ರಯಾಣ ನಿಂಗೆ ಅಂದ್ಲು." ಅವಳು ಗೋಡೆಗೆ ಒರಗಿದಳು. "ಮಸ್ತುರಾ, ನಾವು ಬೀದೀಲಿ ಹೋಗೋರ್ಗೆಲ್ಲಾ ಹೇಳಲ್ವೇನೇ, ಬನ್ನಿ, ಊಟ ಮಾಡ್ಕೊಂಡೇ ಹೋಗ್ಬೇಕು ಅಂತ? ಅವರು ನಿಜವಾಗ್ಲೂ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತುಬಿಟ್ರೆ?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಮೈಯೆಲ್ಲ ಉರಿಯಿತು. "ಬಾಯಿಮಾತಿಗೆ ಅಂದಿದ್ಲಾ? ಬಾಯಿಮಾತಿಗೆ? ಅವರ ಭಾಷೇಲಿ ಹಾಗೆಲ್ಲ ಇಲ್ಲ ಅಂತ ನೀನೇ ಹೇಳ್ತಿದ್ದೆಯಲ್ಲೇ!"

"ಹೇಳ್ತಿದ್ದೆ. ಮಕ್ಕಳಿಗೆಲ್ಲಾ ಹೇಳ್ಕೊಟ್ಟೆ."

"ಮತ್ತೆ ನಗ್ತಾ ಏನು ಹೇಳಿದೆ ಅವಳಿಗೆ?"

"ಮಂಡಿ ನೋವು ಅಂದೆ. ಡಾಕ್ಟರು ವಿಮಾನ ಹತ್ತಬೇಡಿ ಅಂದಿದ್ದಾರೆ, ಈ ವರ್ಷ ಆಗಲ್ಲ, ಬೇಜಾರು ಮಾಡ್ಕೋಬೇಡ ಅಂದೆ."

"ಯಾವ ಮಂಡಿ? ಯಾವ ಡಾಕ್ಟರು? ಹುಚ್ಚಿ! ತಿರುಗಿ ಮಾಡು ಫೋನು. ನಂಗೆ ಬರಬೇಕು ಅಂತ ಹೇಳು. ಅವಳು ಬಾ ಅನ್ನೋ ತನಕ ಹೇಳು!"

ರಿಸೋಲತ್ ನನ್ನ ತೋಳು ಬಿಟ್ಟಳು. ಕರವಸ್ತ್ರದ ತುದಿಯಿಂದ ಫೋನಿನ ಮೇಲಿದ್ದ ಬೆವರು ಒರೆಸಿದಳು.

"ಮಂಡಿ ನೋವು ಅಂದ ತಕ್ಷಣ ಸದ್ಯ ಅನ್ನೋ ಹಾಗೆ ಉಸಿರು ಬಿಟ್ಲು ಕಣೇ" ಅಂದಳು. "ಅಷ್ಟು ದೂರದಿಂದ ಕೇಳಿಸ್ತು."

ಗೂಡಿನ ಗಾಜಿನ ಆಚೆ ಜನ ಸಾಲಿನಲ್ಲಿ ಕಾಯುತ್ತಿದ್ದರು. ಅಂಚೆ ಕಚೇರಿಯ ಹುಡುಗಿ ಬಾಗಿಲು ಸ್ವಲ್ಪ ತೆಗೆದು ಇಣುಕಿದಳು.

"ಮಾತು ಮುಗೀತಾ ಓಪಾ? ಇನ್ನೊಂದ್ಸಲ ಹಾಕ್ಕೊಡ್ಲಾ?"

"ಬೇಡ ಮಗಳೇ" ಅಂದಳು ರಿಸೋಲತ್. ಹುಡುಗಿ ನಮ್ಮವಳೇ ಅಲ್ಲವೇ, ನಂಬಲಿಲ್ಲ. "ಇರಲಿ ಓಪಾ, ಸಂಕೋಚ ಮಾಡ್ಕೋಬೇಡಿ, ಹಾಕ್ಕೊಡ್ತೀನಿ" ಅಂದಳು. "ಬೇಡ" ಅಂದಳು ರಿಸೋಲತ್ ಮತ್ತೆ. ಮೂರನೆಯ ಸಲವೂ ಕೇಳಿದಳು ಆ ಹುಡುಗಿ. ರಿಸೋಲತ್ ಅವಳ ತಲೆ ಸವರಿ, ನನ್ನ ಕೈ ಹಿಡಿದುಕೊಂಡು ಹೊರಗೆ ಬಂದಳು.